ಬೂಟಿನ ದಾರ ಕಟ್ಟಲಾಗದ ಬ್ಯಾಂಟಿಂಗ್



ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳಲು ನಿಮಗೆ ಎಷ್ಟು ಹೊತ್ತು ಬೇಕು? ಒಂದು ಕ್ಷಣ ಸಾಕು, ಅಲ್ಲವೇ? ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಅವರಿಗೆ ಬಗ್ಗಿ ತಮ್ಮ ಬೂಟಿನ ದಾರ ಕಟ್ಟಿಕೊಳ್ಳಲೂ ಆಗುತ್ತಿರಲಿಲ್ಲ. ಮೆಟ್ಟಿಲನ್ನು ಹಿಮ್ಮುಖವಾಗಿ, ನಿಧಾನವಾಗಿ ಇಳಿಯಬೇಕಿತ್ತು.

ಬ್ಯಾಂಟಿಂಗ್ ಹುಟ್ಟಿದ್ದು 1796ರಲ್ಲಿ. ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವರ ಮನೆತನದ ವೃತ್ತಿ. ಇಂಗ್ಲೆಂಡಿನ ರಾಜಮನೆತನಕ್ಕೂ ಅವರೇ ಆ ಕೆಲಸ ಮಾಡುತ್ತಿದ್ದರು. ಹಣ, ಗೌರವ ಎರಡೂ ಇದ್ದವು. ಆದರೆ ಮೈತೂಕ ಏರುತ್ತಲೇ ಹೋಯಿತು. ಜನರ ಹಾಸ್ಯಕ್ಕೆ ಅಂಜಿ ಅವರು ನಾಲ್ಕು ಜನ ಸೇರುವ ಕಡೆ ಹೋಗುವುದನ್ನೇ ಕಡಿಮೆ ಮಾಡಿದರು.

ಅವರು ಸುಮ್ಮನೆ ಕೂರಲಿಲ್ಲ. ದಿನವೂ ಬೆಳಿಗ್ಗೆ ದೋಣಿಗೆ ಹುಟ್ಟು ಹಾಕಿದರು. ಹಸಿವು ಹೆಚ್ಚಿತು, ಹೆಚ್ಚು ತಿಂದರು, ತೂಕವೂ ಹೆಚ್ಚಿತು! ಉಗಿಸ್ನಾನ ಮಾಡಿದರು, ಹಲವು ವೈದ್ಯರನ್ನು ಕಂಡರು. ಗುಣವಾಗಲಿಲ್ಲ.

1862ರಲ್ಲಿ ಅವರಿಗೆ ಕಿವಿ ಮಂದವಾಯಿತು. ವಿಲಿಯಂ ಹಾರ್ವೆ ಎಂಬ ಕಿವಿ ವೈದ್ಯರ ಬಳಿ ಹೋದರು. (ರಕ್ತಪರಿಚಲನೆಯನ್ನು ವಿವರಿಸಿದ ಹಾರ್ವೆ ಬೇರೆ, ಇವರು ಬೇರೆ.) ಈ ವೈದ್ಯರು ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡ್ ಎಂಬ ವಿಜ್ಞಾನಿಯಿಂದ ಯಕೃತ್ತು ಮತ್ತು ಸಕ್ಕರೆಯ ಸಂಬಂಧದ ಬಗ್ಗೆ ಉಪನ್ಯಾಸ ಕೇಳಿದ್ದರು. ಕಿವಿಯ ತೊಂದರೆಗೆ ಬೊಜ್ಜೇ ಕಾರಣವೆಂದು ಭಾವಿಸಿ, ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ಬಿಡಲು ಹೇಳಿದರು.

ಆಗ ಬ್ಯಾಂಟಿಂಗ್ ಅವರ ತೂಕ ಸುಮಾರು 92 ಕಿಲೋಗ್ರಾಂ, ಎತ್ತರ ಸುಮಾರು 165 ಸೆಂಟಿಮೀಟರ್. ಒಂದು ವರ್ಷದಲ್ಲಿ ಸುಮಾರು 21 ಕಿಲೋಗ್ರಾಂ ಇಳಿಯಿತು. ಕಿವಿಯೂ ಚುರುಕಾಯಿತು. 1863ರಲ್ಲಿ ಅವರು ತಮ್ಮ ಅನುಭವವನ್ನು ಪುಟ್ಟ ಪುಸ್ತಕವಾಗಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಉಚಿತವಾಗಿ ಹಂಚಿದರು. ಅದು ಎಷ್ಟು ಪ್ರಸಿದ್ಧವಾಯಿತೆಂದರೆ, ಸ್ವೀಡನ್ನಿನ ಭಾಷೆಯಲ್ಲಿ ಆಹಾರ ಮಿತಗೊಳಿಸಿ ತೂಕ ಇಳಿಸುವುದಕ್ಕೆ ಇಂದಿಗೂ 'ಬಾಂಟಾ' ಎನ್ನುತ್ತಾರೆ. ಬ್ಯಾಂಟಿಂಗ್ 1878ರಲ್ಲಿ, 81ನೆಯ ವಯಸ್ಸಿನಲ್ಲಿ ತೀರಿಕೊಂಡರು.

ತೂಕ ಏಕೆ ಇಳಿಯಿತೆಂದು ಅವರಿಗೆ ಪೂರ್ತಿ ತಿಳಿದಿರಲಿಲ್ಲ. ಇನ್ಸುಲಿನ್ ಕೈಗೆ ಸಿಕ್ಕಿದ್ದು 1921ರಲ್ಲಿ, ಕೆನಡಾದಲ್ಲಿ. ಅದನ್ನು ಕಂಡುಹಿಡಿದವರಲ್ಲಿ ಒಬ್ಬರ ಹೆಸರೂ ಬ್ಯಾಂಟಿಂಗ್! ಅವರು ಫ್ರೆಡರಿಕ್ ಬ್ಯಾಂಟಿಂಗ್.

ಇಂದು ನಮಗೆ ತಿಳಿದಿರುವುದು ಇಷ್ಟು. ಮೈದಾ, ಸಕ್ಕರೆಗಳಲ್ಲಿ ನಾರಿನ ಅಂಶ ತೀರಾ ಕಡಿಮೆ ಅಥವಾ ಇಲ್ಲವೇ ಇಲ್ಲ. ಅವು ಬೇಗ ಜೀರ್ಣವಾಗಿ ರಕ್ತದಲ್ಲಿ ಗ್ಲೂಕೋಸನ್ನು ಏರಿಸುತ್ತವೆ. ಆಗ ಮೇದೋಜ್ಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸುತ್ತದೆ. ಗ್ಲೂಕೋಸು ಜೀವಕೋಶಗಳೊಳಗೆ ಹೋಗಲು ಅದು ನೆರವಾಗುತ್ತದೆ, ಕೊಬ್ಬು ಕೂಡಿಡಲೂ ನೆರವಾಗುತ್ತದೆ. ಬೊಜ್ಜಿರುವ ಅನೇಕರಲ್ಲಿ ಜೀವಕೋಶಗಳು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಗ್ರಂಥಿ ಇನ್ನೂ ಹೆಚ್ಚು ಸ್ರವಿಸಬೇಕಾಗುತ್ತದೆ. ಅದು ಸೋತರೆ ಸಕ್ಕರೆ ಕಾಯಿಲೆ ಬರುತ್ತದೆ.

ಎಣ್ಣೆ, ತುಪ್ಪಗಳು ತಿಂದ ಕೂಡಲೇ ಇನ್ಸುಲಿನ್ನನ್ನು ಅಷ್ಟಾಗಿ ಏರಿಸುವುದಿಲ್ಲ. ಆದರೆ 1 ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲೊರಿ ಶಕ್ತಿಯಿದೆ. 1 ಗ್ರಾಂ ಸಕ್ಕರೆಯಲ್ಲಿ ಇರುವುದು 4 ಮಾತ್ರ. ಅಗತ್ಯಕ್ಕಿಂತ ಹೆಚ್ಚು ತಿಂದಾಗ ಕೊಬ್ಬು ಯಕೃತ್ತು, ಸ್ನಾಯುಗಳಲ್ಲೂ ಸೇರಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ.

ಒಂದು ಎಚ್ಚರಿಕೆ. ಒಬ್ಬರ ಅನುಭವ ಎಲ್ಲರಿಗೂ ಪುರಾವೆಯಲ್ಲ. ವಿಜ್ಞಾನ ಅನೇಕರ ಮೇಲೆ ಪರೀಕ್ಷಿಸಿಯೇ ಒಪ್ಪುತ್ತದೆ. ಬೆಳೆಯುವ ನೀವು ಹಾಲು, ಅನ್ನ ಬಿಡಬೇಡಿ! ರಾಗಿ, ಜೋಳ, ಕಾಳು, ಸೊಪ್ಪು ಹೆಚ್ಚಾಗಿ ತಿನ್ನಿ, ಚೆನ್ನಾಗಿ ಆಟವಾಡಿ. ದಪ್ಪಗಿರುವ ಗೆಳೆಯರನ್ನು ಹಾಸ್ಯ ಮಾಡಬೇಡಿ. ಬ್ಯಾಂಟಿಂಗ್ ಎಷ್ಟು ನೊಂದಿದ್ದರೆಂದು ನೆನಪಿರಲಿ.

ಮಾಡಿ ನೋಡಿ: ಒಂದು ತುತ್ತು ಬರೀ ಅನ್ನವನ್ನು ನುಂಗದೆ ಎರಡು ನಿಮಿಷ ಅಗಿಯಿರಿ. ರುಚಿ ಹೇಗೆ ಬದಲಾಯಿತು? ಏಕೆ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.