ಕಪ್ಪು ಬಿಳುಪಿನ ಗಾಜಿನಲ್ಲಿ ಬಣ್ಣ ಕಾಪಿಟ್ಟ ಛಾಯಾಗ್ರಾಹಕ

ಬೀಜಾಡಿಯ ಕಡಲ ತೀರದಲ್ಲಿ ಕ್ಯಾಮೆರಾ ಹಿಡಿದು ನಿಂತಾಗಲೆಲ್ಲ ನನಗೆ ನೆನಪಾಗುವವರು ದೂರದ ರಷ್ಯದ ಒಬ್ಬ ಛಾಯಾಗ್ರಾಹಕರು. ಅವರೇ ಸೆರ್ಗೇಯ್ ಪ್ರೊಕುಡಿನ್-ಗೋರ್ಸ್ಕಿ. ಶತಮಾನದ ಹಿಂದೆಯೇ ವಿಶಾಲ ಸಾಮ್ರಾಜ್ಯವೊಂದರ ಬದುಕನ್ನು ಬಣ್ಣದಲ್ಲಿ ಸೆರೆಹಿಡಿದ ಸಾಹಸಿ ಅವರು.

1863ರಲ್ಲಿ ವ್ಲಾದಿಮಿರ್ ಪ್ರಾಂತ್ಯದಲ್ಲಿ ಜನಿಸಿದ ಅವರು ರಸಾಯನಶಾಸ್ತ್ರದಲ್ಲಿ ಪರಿಣತರು. 1902ರಲ್ಲಿ ಜರ್ಮನಿಗೆ ತೆರಳಿ ಅಡಾಲ್ಫ್ ಮೀಥೆ ಅವರಲ್ಲಿ ವರ್ಣ ಛಾಯಾಗ್ರಹಣವನ್ನು ಅಭ್ಯಸಿಸಿದರು. ಉದ್ದನೆಯ ಗಾಜಿನ ಫಲಕವೊಂದರ ಮೇಲೆ ನೀಲಿ, ಹಸಿರು, ಕೆಂಪು ಶೋಧಕಗಳ ಮೂಲಕ ಒಂದೇ ದೃಶ್ಯವನ್ನು ಮೂರು ಬಾರಿ ತೆಗೆಯುವುದು ಅವರ ವಿಧಾನ. ಮೂರೂ ಕಪ್ಪು ಬಿಳುಪು ಚಿತ್ರಗಳೇ. ಆಯಾ ಬಣ್ಣದ ಬೆಳಕು ಹಾಯಿಸಿ ಅವನ್ನು ಪರದೆಯ ಮೇಲೆ ಒಂದಾಗಿಸಿದರೆ ನಿಜ ವರ್ಣಗಳು ಮೂಡುತ್ತಿದ್ದವು. ಮೂರೂ ಮುಗಿಯುವ ತನಕ ಎದುರಿಗಿದ್ದವರು ಅಲುಗಾಡುವಂತಿರಲಿಲ್ಲ. ಆದರೆ ಹರಿಯುವ ನೀರಿಗೆ ನಿಲ್ಲು ಎನ್ನುವವರಾರು? ಅವರ ನದಿಗಳ ಚಿತ್ರಗಳಲ್ಲಿ ನೀರಿನ ಮೇಲೆ ಚದುರಿದ ಬಣ್ಣದ ಗೆರೆಗಳು ಇಂದಿಗೂ ಕಾಣುತ್ತವೆ.

1908ರಲ್ಲಿ ಅವರು ತೆಗೆದ ಟಾಲ್‌ಸ್ಟಾಯ್ ಅವರ ವರ್ಣಚಿತ್ರ ಮನೆಮಾತಾಯಿತು. ಮರುವರ್ಷ ಚಕ್ರವರ್ತಿ ಎರಡನೆಯ ನಿಕೊಲಸ್ ಅವರ ಕೆಲಸಕ್ಕೆ ಮನಸೋತು, ಕತ್ತಲೆಕೋಣೆಯಿದ್ದ ರೈಲು ಬೋಗಿಯನ್ನೇ ಒದಗಿಸಿದ. ಶಾಲಾಮಕ್ಕಳಿಗೆ ತಮ್ಮ ನಾಡನ್ನು ಅದರ ಬಣ್ಣಗಳಲ್ಲೇ ತೋರಿಸಬೇಕೆಂಬ ಹಂಬಲದಿಂದ ಅವರು 1915ರವರೆಗೂ ಸಂಚರಿಸಿದರು. ಬುಖಾರಾದ ಅಮೀರನ ನೀಲಿ ನಿಲುವಂಗಿಗೆ ದೊರೆತ ಗೌರವವೇ ಹಣ್ಣಿನ ತಟ್ಟೆ ಹಿಡಿದ ಹಳ್ಳಿಯ ಹೆಣ್ಣುಮಕ್ಕಳಿಗೂ ದೊರೆಯಿತು.

1917ರ ಕ್ರಾಂತಿಯಲ್ಲಿ ಆ ಸಾಮ್ರಾಜ್ಯವೇ ಅಳಿಯಿತು. 1918ರಲ್ಲಿ ದೇಶ ತೊರೆದ ಪ್ರೊಕುಡಿನ್-ಗೋರ್ಸ್ಕಿ 1944ರಲ್ಲಿ ಪ್ಯಾರಿಸ್‌ನಲ್ಲಿ ಕೊನೆಯುಸಿರೆಳೆದರು. 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವರ ಕುಟುಂಬದಿಂದ 1,902 ನೆಗೆಟಿವ್‌ಗಳನ್ನು ಕೊಂಡಿತು. 2000ದ ದಶಕದ ಆರಂಭದಲ್ಲಿ ಕಂಪ್ಯೂಟರ್ ನೆರವಿನಿಂದ ಮೂರು ಚಿತ್ರಗಳನ್ನು ಕೂಡಿಸಿದಾಗ, ಜಗತ್ತು ಆ ಕಳೆದುಹೋದ ಲೋಕವನ್ನು ಬಣ್ಣಗಳಲ್ಲಿ ಕಂಡು ಬೆರಗಾಯಿತು.

ಅವರಿಂದ ನಾನು ಕಲಿತ ಪಾಠ ಇಲ್ಲಿದೆ. ನಮ್ಮ ಮನೆಯ ಆಲ್ಬಮ್‌ನಲ್ಲಿ 1980ರ ದಶಕದ ಮದುವೆಯ ಬಣ್ಣದ ಚಿತ್ರಗಳು ಕೆಂಪಡರಿ ಮಸುಕಾಗಿವೆ. ಸೀರೆಯ ಹಸಿರು ಯಾವುದಿತ್ತೆಂದು ಹೇಳಲು ಈಗ ಅಮ್ಮನೇ ಬೇಕು. ಅದಕ್ಕಿಂತ ಹಳೆಯ ಅಜ್ಜಯ್ಯನ ಕಪ್ಪು ಬಿಳುಪು ಚಿತ್ರ ಮಾತ್ರ ಸ್ಪಷ್ಟವಾಗಿ ಉಳಿದಿದೆ. ಕಾಗದದ ಮೇಲಿನ ಬಣ್ಣಗಳು ಕಾಲಕ್ರಮೇಣ ಅಳಿಯುತ್ತವೆ. ಪ್ರೊಕುಡಿನ್-ಗೋರ್ಸ್ಕಿ ಬಣ್ಣದ ಲೆಕ್ಕವನ್ನು ಬೆಳ್ಳಿಯ ಕಪ್ಪು ಬಿಳುಪಿನಲ್ಲಿ ಬರೆದಿಟ್ಟಿದ್ದರಿಂದಲೇ ಅದು ಬಾಡದೆ ಉಳಿಯಿತು. ಜೊತೆಗೆ ಅವರು ಚಿತ್ರಗಳನ್ನು ಪ್ರವಾಸದ ಕ್ರಮದಲ್ಲಿ ಆಲ್ಬಮ್‌ಗಳಲ್ಲಿ ಜೋಡಿಸಿಟ್ಟಿದ್ದರು.

ಹಿಂದೆ ನಾನು ಸೂರ್ಯಾಸ್ತದ ಸೊಬಗನ್ನಷ್ಟೇ ಅರಸುತ್ತಿದ್ದೆ. ಈಗ ಕೈರಂಪಣಿ ಬಲೆ ಎಳೆಯುವ ಕೈಗಳನ್ನು, ಹೆಂಚಿನ ಮನೆಗಳನ್ನು, ಕೋಟೇಶ್ವರದ ಕೊಡಿ ಹಬ್ಬದಿಂದ ಕಬ್ಬು ಹಿಡಿದು ಮರಳುವ ನವದಂಪತಿಗಳನ್ನು ಸೆರೆಹಿಡಿಯುತ್ತೇನೆ. ಪ್ರತಿ ಚಿತ್ರದೊಡನೆ ಊರು, ದಿನ, ಕೆಲಸದ ಹೆಸರು ಬರೆದಿಡುತ್ತೇನೆ. ತಾವು ಕಂಡ ನಾಡು ಇಷ್ಟು ಬೇಗ ಮರೆಯಾದೀತೆಂದು ಅವರು ಎಣಿಸಿರಲಾರರು. ನಮ್ಮ ಕರಾವಳಿ ಹೇಗೆ ಬದಲಾಗುತ್ತಿದೆ ಎಂಬುದನ್ನಾದರೋ ನಾವು ಕಣ್ಣಾರೆ ಕಾಣುತ್ತಿದ್ದೇವೆ.