ಪುಸ್ತಕದ ಗಂಟು ಹೊತ್ತ ಗಳಗನಾಥರು

ಒಳ್ಳೆಯ ಪುಸ್ತಕವೊಂದನ್ನು ಓದಿ ಮುಗಿಸಿದವನು ಅದನ್ನು ಇನ್ನೊಬ್ಬನ ಕಿವಿಗೆ ಹಾಕದೆ ಸುಮ್ಮನಿರಲಾರ. ಸಿಹಿಯನ್ನು ಒಬ್ಬನೇ ತಿನ್ನಬಹುದು. ಕಥೆಯನ್ನು ಒಬ್ಬನೇ ಬಚ್ಚಿಟ್ಟುಕೊಳ್ಳುವುದು ಬಹಳ ಕಷ್ಟ. ತರಗತಿಯ ಬಿಡುವಿನಲ್ಲಿ, ಹಾಸ್ಟೆಲಿನ ಜಗಲಿಯಲ್ಲಿ, ಊರಿನ ಬಸ್ಸಿಗಾಗಿ ಕಾಯುತ್ತ ನಿಂತಾಗ ನಾವು ಮಾಡುವುದೂ ಇದನ್ನೇ ಅಲ್ಲವೆ? ಇದು ಓದು, ಅದು ಬೇಡ, ಇದರ ಮೊದಲ ಐವತ್ತು ಪುಟ ಸಹಿಸಿಕೊಂಡರೆ ಮುಂದೆ ಬಿಡುವುದಕ್ಕಾಗುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ನಮಗೆ ಇದು ಬಿಡುವಿನ ವೇಳೆಯ ಮಾತು. ಆದರೆ ಓದಲು ತಕ್ಕದ್ದನ್ನು ಜನರ ಬಾಗಿಲಿಗೆ ಒಯ್ದು ಹೇಳುವುದನ್ನೇ ಬಾಳಿನ ಉದ್ಯೋಗವನ್ನಾಗಿ ಮಾಡಿಕೊಂಡ ಮಹನೀಯರೊಬ್ಬರು ನಮ್ಮ ತುಂಗಭದ್ರೆಯ ದಂಡೆಯಲ್ಲಿಯೇ ಹುಟ್ಟಿದ್ದರು. ಕನ್ನಡ ಕಾದಂಬರಿಯ ಪಿತಾಮಹರೆಂದು ಹೆಸರಾದ ಗಳಗನಾಥರೇ ಅವರು.

ನಮ್ಮ ಕತ್ತಲಗೆರೆಯ ಸೀಮೆಯ ಗದ್ದೆಗಳಿಗೆ ನಾಲೆಯಲ್ಲಿ ಹರಿದು ಬರುವುದು ಭದ್ರೆಯ ನೀರು. ಆ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಹೊನ್ನಾಳಿಯನ್ನು ಹಾದು, ಹರಿಹರವನ್ನು ದಾಟಿ, ಮತ್ತೆ ಉತ್ತರಕ್ಕೆ ಸಾಗಿದಾಗ ಒಂದು ಕಡೆ ವರದಾ ನದಿ ಬಂದು ಸೇರುತ್ತದೆ. ಆ ಸಂಗಮದ ದಂಡೆಯ ಮೇಲೆ ಗಳಗೇಶ್ವರನ ಪುರಾತನವಾದ ಕಲ್ಲಿನ ಗುಡಿಯೂ ಗಳಗನಾಥವೆಂಬ ಚಿಕ್ಕ ಊರೂ ಇವೆ. ವೆಂಕಟೇಶ ತಿರಕೋ ಕುಲಕರ್ಣಿಯವರು ಅಲ್ಲಿ 1869ರಲ್ಲಿ ಜನಿಸಿದರು. ಅವರು ತಮ್ಮ ಸ್ವಂತ ಹೆಸರನ್ನು ಹಿಂದಿಟ್ಟು ಊರಿನ ಹೆಸರನ್ನೇ ಲೇಖನಿಗೆ ಕೊಟ್ಟರು. ಇಂದು ಕುಲಕರ್ಣಿಯವರೆಂದರೆ ಯಾರಿಗೂ ತಿಳಿಯದು, ಗಳಗನಾಥರೆಂದರೆ ಮಾತ್ರ ತಿಳಿಯುತ್ತದೆ. ಅವರು ಹುಟ್ಟುವುದಕ್ಕೆ ಒಂದು ವರ್ಷ ಮೊದಲು, 1868ರಲ್ಲಿ, ಹರಿಹರದ ಹಳೆಯ ಕಲ್ಲಿನ ಸೇತುವೆ ಸಿದ್ಧವಾಗಿತ್ತು. ಆಗ ಹೊಳೆಯ ಈಚೆಯ ದಡ ಮೈಸೂರು ಸಂಸ್ಥಾನ, ಆಚೆಯ ದಡ ಮುಂಬಯಿ ಪ್ರಾಂತ. ಒಂದೇ ನೀರನ್ನು ಕುಡಿಯುವ, ಒಂದೇ ನುಡಿಯನ್ನಾಡುವ ಜನ ಎರಡು ಸರಕಾರಗಳ ಪ್ರಜೆಗಳಾಗಿದ್ದರು. 1956ರಲ್ಲಿ ಆ ಗಡಿ ಅಳಿಸಿತು. 1997ರಲ್ಲಿ ನಮ್ಮ ದಾವಣಗೆರೆ ಜಿಲ್ಲೆಯೂ ಅವರ ಹಾವೇರಿ ಜಿಲ್ಲೆಯೂ ಒಟ್ಟಿಗೇ ಹುಟ್ಟಿದವು. ಇದನ್ನು ನೋಡಲು ಅವರಿರಲಿಲ್ಲ.

ಗಳಗನಾಥರು ಧಾರವಾಡದಲ್ಲಿ ಶಿಕ್ಷಕರ ತರಬೇತಿಯನ್ನು ಪಡೆದು ಕನ್ನಡ ಶಾಲೆಗಳ ಮಾಸ್ತರರಾದರು. ಅಂದಿನ ಧಾರವಾಡದ ಕಡೆಯ ಸ್ಥಿತಿಯನ್ನು ನಾವು ಸ್ವಲ್ಪ ಊಹಿಸಿಕೊಳ್ಳಬೇಕು. ಕಚೇರಿಯಲ್ಲಿ, ಪೇಟೆಯಲ್ಲಿ, ನಾಟಕದ ರಂಗದ ಮೇಲೆ ಮರಾಠಿಯದೇ ಮೇಲುಗೈ. ಅಕ್ಷರ ಬಲ್ಲ ಕನ್ನಡಿಗನೂ ಕೈಯಲ್ಲಿ ಮರಾಠಿ ಪುಸ್ತಕವನ್ನೇ ಹಿಡಿಯುತ್ತಿದ್ದ. ಕನ್ನಡದಲ್ಲಿ ಓದಲು ಏನಿದೆ ಎಂದು ಕೇಳುವುದು ತಿಳಿವಳಿಕೆಯ ಲಕ್ಷಣವೆಂದು ಆಗ ಎಣಿಕೆಯಾಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಯಾದದ್ದು, 1896ರಲ್ಲಿ ಅದರ ‘ವಾಗ್ಭೂಷಣ’ ಪತ್ರಿಕೆ ಹೊರಟದ್ದು ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ಎನ್ನಬಹುದು. ಆದರೆ ಸಂಘವೆಂದರೆ ನಗರದ ಸಂಗತಿ. ಹಳ್ಳಿಯ ಮನೆಯ ನಡುಮನೆಗೆ ಕನ್ನಡ ಪುಸ್ತಕವನ್ನು ಯಾರು ಒಯ್ಯಬೇಕು?

ಒಯ್ಯಲು ಮೊದಲು ಪುಸ್ತಕವಿರಬೇಕಷ್ಟೆ. ಗಳಗನಾಥರು ತಾವೇ ಬರೆಯತೊಡಗಿದರು. ಅವರ ‘ಪ್ರಬುದ್ಧ ಪದ್ಮನಯನೆ’ 1898ರಲ್ಲಿ ಹೊರಬಂದಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು ಮರುವರ್ಷ, 1899ರಲ್ಲಿ. ಮೈಸೂರಿನ ಕಡೆ ಬಿ. ವೆಂಕಟಾಚಾರ್ಯರು ಆಗಲೇ ಬಂಕಿಮಚಂದ್ರರ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಓದುಗರಿಗೆ ರುಚಿ ಹತ್ತಿಸಿದ್ದರು. ಹೀಗೆ ದಕ್ಷಿಣದವರು ಬಂಗಾಳದಿಂದ ಎರವು ತಂದರೆ ಉತ್ತರದವರು ನೆರೆಯ ಮರಾಠಿಯಿಂದ ತಂದರು. ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳು ಗಳಗನಾಥರ ಮನಸ್ಸನ್ನು ಸೆರೆಹಿಡಿದಿದ್ದವು.

1907ರಲ್ಲಿ ಹಾವೇರಿಯ ಬಳಿಯ ಅಗಡಿ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ ಆರಂಭವಾಯಿತು. ಅದರ ಸಂಪಾದಕತ್ವವನ್ನು ಗಳಗನಾಥರು ವಹಿಸಿದರು; ಇದಕ್ಕಾಗಿ ಮಾಸ್ತರಿಕೆಯ ಖಚಿತವಾದ ಸಂಬಳವನ್ನೂ ಬಿಟ್ಟರು. ನೌಕರಿಯ ಬೆಲೆ ಎಷ್ಟೆಂಬುದು, ಪರೀಕ್ಷೆ ಮುಗಿಯುವ ಮೊದಲೇ ಅರ್ಜಿಗಳನ್ನು ತುಂಬುತ್ತಿರುವ ನಮಗೆ ಚೆನ್ನಾಗಿ ಗೊತ್ತು. ಚಂದ್ರಿಕೆಯಲ್ಲಿ ಧರ್ಮವಿಚಾರವಿತ್ತು, ನೀತಿಯಿತ್ತು, ಪುರಾಣದ ಕಥೆಯಿತ್ತು, ಕಾದಂಬರಿಯೂ ಇತ್ತು. ನೀತಿಗಾಗಿ ತರಿಸಿದವರು ಕಥೆಯನ್ನು ಓದಿದರು, ಕಥೆಗಾಗಿ ತರಿಸಿದವರು ನೀತಿಯನ್ನು ಸಹಿಸಿಕೊಂಡರು ಎಂದು ನಾನು ತಿಳಿಯುತ್ತೇನೆ. ಮುಂದೆ ಅವರು ಆ ಪತ್ರಿಕೆಯಿಂದ ದೂರವಾಗಿ ‘ಸದ್ಗುರು’ ಎಂಬ ತಮ್ಮದೇ ಪತ್ರಿಕೆಯನ್ನು ನಡೆಸಿದರು.

ಇನ್ನು ಅವರ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ಆಕರ್ಷಿಸಿದ ಭಾಗಕ್ಕೆ ಬರುತ್ತೇನೆ. ಗಳಗನಾಥರು ತಮ್ಮ ಪುಸ್ತಕಗಳನ್ನು ಗಂಟು ಕಟ್ಟಿ ಹೊತ್ತುಕೊಂಡು ಊರಿಂದೂರಿಗೆ ತಿರುಗಿ ಮಾರಿದರು. ಬರೆದವರೂ ಅವರೇ, ಅಚ್ಚು ಹಾಕಿಸಿದವರೂ ಅವರೇ, ಹೊತ್ತವರೂ ಅವರೇ. ಅಂಗಡಿಯಲ್ಲಿ ಕುಳಿತವನ ಬಳಿಗೆ ಪುಸ್ತಕ ಬೇಕೆಂದವನು ತಾನಾಗಿ ಬರುತ್ತಾನೆ. ಆದರೆ ಗಂಟು ಹೊತ್ತು ಹೋದವನ ಮುಂದೆ ನಿಲ್ಲುವವನಿಗೆ ಪುಸ್ತಕ ಬೇಕೆಂಬ ಅರಿವೇ ಇರುವುದಿಲ್ಲ. ಅವನಿಗೆ ಬಿತ್ತನೆಯ ಚಿಂತೆ, ಸಾಲದ ಚಿಂತೆ, ಮಗಳ ಮದುವೆಯ ಚಿಂತೆ. ಅವನ ಕೈಗೆ ಒಂದು ಕಾದಂಬರಿಯನ್ನು ಕೊಟ್ಟು, ದುಡಿದ ಹಣದಲ್ಲಿ ನಾಲ್ಕು ಕಾಸನ್ನು ಅದಕ್ಕೆ ಕೊಡುವಂತೆ ಮಾಡಬೇಕಾದರೆ ಏನನ್ನು ಹೇಳಬೇಕು? ಇದರೊಳಗೆ ಏನಿದೆ, ನಿನಗೆ ಇದು ಏಕೆ ಹಿಡಿಸೀತು, ನಿನ್ನ ಮನೆಯವರು ಯಾವುದನ್ನು ಕೇಳಿ ಸಂತೋಷಪಟ್ಟಾರು ಎಂಬುದನ್ನು ಆ ಮನುಷ್ಯನ ಮುಖವನ್ನು ನೋಡಿಯೇ ತೂಗಿ ಹೇಳಬೇಕು. ಇದಕ್ಕಿಂತ ಕಠಿಣವಾದ ಪುಸ್ತಕ ವಿಮರ್ಶೆ ಇನ್ನಾವುದಿದೆ? ಪತ್ರಿಕೆಯಲ್ಲಿ ಬರೆಯುವ ವಿಮರ್ಶಕನು ತಪ್ಪು ಹೇಳಿದರೆ ಓದುಗನು ಮರೆತುಬಿಡುತ್ತಾನೆ. ಹಳ್ಳಿಗೆ ಮರುವರ್ಷ ಮತ್ತೆ ಕಾಲಿಡಬೇಕಾದವನು ತಪ್ಪು ಹೇಳುವಂತಿಲ್ಲ. ಹೋದ ಸಲ ಕೊಟ್ಟ ಪುಸ್ತಕ ಸಪ್ಪೆಯೆನಿಸಿದ್ದರೆ ಬಾಗಿಲು ತೆರೆಯುವುದಿಲ್ಲ.

ಒಂದು ಪ್ರತಿ ಒಂದು ಮನೆಗೆ ಹೋದರೆ ಓದುವವನು ಒಬ್ಬನಾದರೂ ಕೇಳುವವರು ಹತ್ತು ಮಂದಿ ಎಂಬುದನ್ನೂ ನೆನೆಯಬೇಕು. ನಮ್ಮ ಕಡೆಯ ಹಳ್ಳಿಗಳಲ್ಲಿ ಜೈಮಿನಿ ಭಾರತವನ್ನೋ ಕುಮಾರವ್ಯಾಸನನ್ನೋ ಓದಿಸಿ ಕೇಳುವ ಪದ್ಧತಿ ಹಿಂದಿನಿಂದ ಇದ್ದದ್ದೇ. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತನ್ನ ತಂದೆ ರಾತ್ರಿ ದೀಪದ ಮುಂದೆ ಓದುತ್ತಿದ್ದ ವಿಜಯನಗರದ ಕಥೆಯೊಂದನ್ನು ಆಕೆ ನಮಗೆ ತುಂಡು ತುಂಡಾಗಿ ಹೇಳುತ್ತಿದ್ದಳು. ಅದು ಯಾವ ಪುಸ್ತಕವೋ ಆಕೆಗೆ ಗೊತ್ತಿರಲಿಲ್ಲ. ಆಕೆಗೆ ನೆನಪಿದ್ದದ್ದು ಬರೆದವರ ಹೆಸರಲ್ಲ, ಸೋಲು ಹತ್ತಿರ ಬಂದಂತೆ ತಂದೆಯ ದನಿ ಇಳಿಯುತ್ತಿದ್ದ ರೀತಿ. ಗಳಗನಾಥರು ಸಿದ್ಧಪಡಿಸಿದ ಓದುಗರಲ್ಲಿ ಇಂಥ ಅಕ್ಷರವಿಲ್ಲದ ಓದುಗರೂ ಎಷ್ಟೋ ಮಂದಿ ಇದ್ದಿರಬೇಕು. ಅವರ ಲೆಕ್ಕ ಯಾವ ಸಾಹಿತ್ಯ ಚರಿತ್ರೆಯಲ್ಲಿಯೂ ಸಿಕ್ಕುವುದಿಲ್ಲ.

ಗಳಗನಾಥರ ಮೇಲೆ ಒಂದು ಆಕ್ಷೇಪವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅವರ ಕೃತಿಗಳಲ್ಲಿ ಬಹುಭಾಗವು ಅನುವಾದ ಅಥವಾ ರೂಪಾಂತರ, ಸ್ವಂತದ್ದು ಕಡಮೆ ಎಂದು ವಿದ್ವಾಂಸರು ಹೇಳುತ್ತಾರೆ. ಮಾತು ನಿಜ. ಆದರೆ ಅನುವಾದವೆಂದರೇನು? ತಾನು ಓದಿ ಮೆಚ್ಚಿದ್ದನ್ನು, ಆ ಭಾಷೆ ಬಾರದ ಗೆಳೆಯನಿಗೆ ಮೊದಲಿನಿಂದ ಕೊನೆಯವರೆಗೆ ಹೇಳುವುದೇ ಅಲ್ಲವೆ? ಅವರ ಬಾಳನ್ನೆಲ್ಲ ಒಟ್ಟಿಗೆ ನೋಡಿದರೆ ಅನುವಾದ, ಪತ್ರಿಕೆ, ಗಂಟು ಹೊತ್ತ ತಿರುಗಾಟ ಈ ಮೂರೂ ಒಂದೇ ಕೆಲಸವಾಗಿ ನನಗೆ ತೋರುತ್ತವೆ. ಮರಾಠಿ ಪುಸ್ತಕವನ್ನು ಹಿಡಿದ ಕನ್ನಡಿಗನ ಕೈಯಿಂದ ಅದನ್ನು ಕಿತ್ತುಕೊಳ್ಳಲು ಅವರು ಹೋಗಲಿಲ್ಲ, ಮರಾಠಿಯನ್ನು ಹಳಿಯಲೂ ಇಲ್ಲ. ಅಲ್ಲಿಯ ರಸವನ್ನೇ ಕನ್ನಡದ ಬಟ್ಟಲಿಗೆ ಬಗ್ಗಿಸಿ ಕೊಟ್ಟರು.

ಅವರ ಪುಸ್ತಕಗಳ ವಿಷಯದಲ್ಲಿ ನನ್ನ ಅಭಿಪ್ರಾಯವನ್ನೂ ಹೇಳಬೇಕಷ್ಟೆ. ಹೇಳದಿದ್ದರೆ ಅವರನ್ನು ಕುರಿತು ಬರೆದು ಏನು ಬಂತು? ಅವರ ಕಾದಂಬರಿಗಳೇ ಇಪ್ಪತ್ತಕ್ಕೂ ಹೆಚ್ಚು. ಪೌರಾಣಿಕ ಕಥೆ, ಚರಿತ್ರೆ, ನಿಬಂಧಗಳು ಬೇರೆ. ನಾನು ಎಲ್ಲವನ್ನೂ ಓದಿದವನಲ್ಲ.

‘ಕನ್ನಡಿಗರ ಕರ್ಮಕಥೆ’ ಆಪಟೆಯವರ ‘ವಜ್ರಾಘಾತ’ದ ಕನ್ನಡ ರೂಪ. 1565ರ ಯುದ್ಧದಲ್ಲಿ ವಿಜಯನಗರವು ಬಿದ್ದ ಕಥೆ. ಸಾಮ್ರಾಜ್ಯದ ಪತನಕ್ಕೆ ನಾಲ್ಕು ಸುಲ್ತಾನರ ಸೈನ್ಯವೊಂದೇ ಕಾರಣವಾಗದೆ, ರಾಮರಾಯನ ಯೌವನದ ಪ್ರೇಮಪ್ರಕರಣವೊಂದು ವರ್ಷಗಳ ನಂತರ ಬೆಂಕಿಯಾಗಿ ಹಿಂದಿರುಗುವಂತೆ ಇಲ್ಲಿ ಕಥೆಯನ್ನು ಹೆಣೆದಿದೆ. ಇದು ಚರಿತ್ರೆಯಲ್ಲ, ಕಲ್ಪನೆ. ಇತಿಹಾಸದ ಪರೀಕ್ಷೆಗೆ ಇದನ್ನು ಓದಿ ಹೋದವರು ಕೆಟ್ಟರು. ಆದರೆ ಹಂಪಿಯನ್ನು ನೋಡಲು ಹೋಗುವವರು ಇದನ್ನು ಓದಿ ಹೋಗಬೇಕು. ಬಿದ್ದ ಕಲ್ಲುಗಳ ನಡುವೆ ನಿಂತಾಗ ಮನುಷ್ಯರ ಮುಖಗಳು ಕಾಣಿಸುತ್ತವೆ. ಮೂಲ ಮರಾಠಿಯದಾದರೂ ಹೆಸರಿನಲ್ಲಿಯೇ ಗಳಗನಾಥರು ಅದನ್ನು ನಮ್ಮದನ್ನಾಗಿ ಮಾಡಿದರು. ಆ ಹೆಸರನ್ನು ಓದಿದೊಡನೆ ಸೋತವರು ಯಾರೋ ಅಲ್ಲ, ನಾವೇ ಎಂದು ಎದೆಗೆ ತಾಗುತ್ತದೆ.

‘ಮಾಧವ ಕರುಣಾ ವಿಲಾಸ’ 1923ರಲ್ಲಿ ಬಂದದ್ದು. ಅದರಲ್ಲಿ ಪತನವಲ್ಲ, ಉದಯ. ವಿದ್ಯಾರಣ್ಯರ ನೆರಳಿನಲ್ಲಿ ವಿಜಯನಗರವು ಕಟ್ಟಿಕೊಂಡ ಬಗೆ. ಇದು ಅವರ ಸ್ವತಂತ್ರ ಕೃತಿ. ಅನುವಾದಕರೆಂದು ಅವರನ್ನು ಹಗುರಾಗಿ ಕಾಣುವವರು ಮೊದಲು ಇದನ್ನು ಓದಿ ಆಮೇಲೆ ಮಾತಾಡಲಿ. ಆದರೆ ಒಂದು ಎಚ್ಚರಿಕೆ: ಪುಸ್ತಕ ದೊಡ್ಡದು, ನಡಿಗೆ ನಿಧಾನ. ಬೇಸಗೆಯ ರಜೆಯಲ್ಲಿಯೇ ಕೈಗೆತ್ತಿಕೊಳ್ಳಬೇಕು. ಸೆಮಿಸ್ಟರಿನ ನಡುವೆ ಹಿಡಿದರೆ ಎರಡಕ್ಕೂ ನ್ಯಾಯ ಸಲ್ಲುವುದಿಲ್ಲ.

ಚನ್ನಗಿರಿ ತಾಲ್ಲೂಕಿನವರಾದ ನಮಗೆ ‘ಛತ್ರಪತಿ’ಯ ಹೆಸರು ಕೇಳಿದೊಡನೆ ಇನ್ನೊಂದು ನೆನಪು ಬರುತ್ತದೆ. ಶಿವಾಜಿಯ ತಂದೆ ಶಹಾಜಿ 1664ರಲ್ಲಿ ತೀರಿಕೊಂಡದ್ದು ನಮ್ಮ ಹೊದಿಗೆರೆಯಲ್ಲಿ; ಸಮಾಧಿಯೂ ಅಲ್ಲಿಯೇ ಇದೆ. ನಮ್ಮಲ್ಲಿ ಎಷ್ಟು ಮಂದಿ ಅದರ ಪಕ್ಕದಲ್ಲಿ ಹಾದು ಹೋಗುತ್ತೇವೆ, ಎಷ್ಟು ಮಂದಿ ಒಳಗೆ ಕಾಲಿಟ್ಟಿದ್ದೇವೆ? ಮರಾಠರ ಇತಿಹಾಸವನ್ನು ಕನ್ನಡದ ಹಳ್ಳಿಗಳಿಗೆ ಕಥೆಯಾಗಿ ತಂದವರಲ್ಲಿ ಗಳಗನಾಥರು ಮುಖ್ಯರು. ನೆರೆಯ ಚಿತ್ರದುರ್ಗದ ಪಾಳೆಯಗಾರರ ಮೇಲೂ ಅವರ ಕಣ್ಣು ಬಿದ್ದು ‘ದುರ್ಗದ ಬಿಚ್ಚುಗತ್ತಿ’ ಹುಟ್ಟಿತು. ತ.ರಾ.ಸು. ಅವರ ದುರ್ಗದ ಕಾದಂಬರಿಗಳನ್ನು ಮೆಚ್ಚಿ ರಾತ್ರಿಯೆಲ್ಲ ಓದಿದ ಗೆಳೆಯರು ಈ ಹಳೆಯ ಪುಸ್ತಕವನ್ನೂ ಒಮ್ಮೆ ತಿರುವಿ ನೋಡಲಿ. ತ.ರಾ.ಸು. ಅವರ ಬಿಗಿ ಇಲ್ಲಿ ಸಿಕ್ಕದು. ಆದರೆ ಆ ದಾರಿಯಲ್ಲಿ ಮುಂಚೆ ನಡೆದವರ ಹೆಜ್ಜೆ ಸಿಕ್ಕುತ್ತದೆ.

ಹಿಡಿಸದ ಮಾತುಗಳನ್ನೂ ಹೇಳಿಬಿಡುತ್ತೇನೆ. ಗಳಗನಾಥರ ಭಾಷೆ ಸಂಸ್ಕೃತದ ಭಾರದಿಂದ ಕೆಲವೆಡೆ ಬಳಲುತ್ತದೆ. ಒಳ್ಳೆಯವರು ಪೂರ್ತಿಯಾಗಿ ಒಳ್ಳೆಯವರು, ಕೆಟ್ಟವರು ಪೂರ್ತಿಯಾಗಿ ಕೆಟ್ಟವರು. ಕಥೆ ರಂಗೇರಿದ ಹೊತ್ತಿನಲ್ಲಿ ಓದುಗನನ್ನು ನಿಲ್ಲಿಸಿಕೊಂಡು ಉಪದೇಶ ಮಾಡುತ್ತಾರೆ. ಮಾಸ್ತರಿಕೆಯನ್ನು ಬಿಟ್ಟರೂ ಬೆತ್ತವನ್ನು ಬಿಡಲಿಲ್ಲ ಎನ್ನಿಸುತ್ತದೆ. ಸ್ತ್ರೀಯರ ಧರ್ಮವನ್ನು ಕುರಿತ ಅವರ ಹಲವು ವಿಚಾರಗಳನ್ನು ನಮ್ಮ ಸಹಪಾಠಿನಿಯರು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಆದರೂ ಗಟ್ಟಿಯಾಗಿ ಓದಿ ನೋಡಿದರೆ ಆ ಉದ್ದನೆಯ ವಾಕ್ಯಗಳಿಗೆ ಒಂದು ಓಟವಿರುವುದು ತಿಳಿಯುತ್ತದೆ. ಅವು ಕಣ್ಣಿಗಿಂತ ಹೆಚ್ಚಾಗಿ ಕಿವಿಗಾಗಿ ಬರೆದ ವಾಕ್ಯಗಳು. ಮೌನವಾಗಿ ಓದಿ ಬೇಸರಗೊಂಡ ಪುಟವನ್ನೇ ನಾನು ಮನೆಯಲ್ಲಿ ತಂಗಿಯರಿಗೆ ಓದಿ ಹೇಳಿದಾಗ ಅವರು ಮುಂದಿನ ಪುಟಕ್ಕಾಗಿ ಕಾದು ಕುಳಿತರು.

ಇಷ್ಟು ದುಡಿದವರಿಗೆ ಲಭಿಸಿದ್ದೇನು? ಕೀರ್ತಿ ಬಂದಿತು, ಹಣ ಬರಲಿಲ್ಲ. ಅಚ್ಚಿನ ಸಾಲ, ಮಾರಾಟದ ಅನಿಶ್ಚಯ, ಮುಪ್ಪು. ಗಂಟು ಹೊರುವ ಕಷ್ಟ ತಪ್ಪಲಿಲ್ಲ. 1942ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಆ ವೇಳೆಗೆ ಅವರು ಬಿತ್ತಿದ ಹೊಲದಲ್ಲಿ ಬೇರೆಯವರು ಬೆಳೆ ತೆಗೆಯತೊಡಗಿದ್ದರು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ, ಚಂದಾದಾರರ ಮನೆಗೇ ಪುಸ್ತಕಗಳನ್ನು ಕಳುಹಿಸುವ ಏರ್ಪಾಡು ಮಾಡಿದರು. ಅ.ನ.ಕೃ. ಮೊದಲಾದವರ ಕಾದಂಬರಿಗಳಿಗೆ ಸಾವಿರಾರು ಓದುಗರು ಸಿದ್ಧರಾಗಿ ಕಾದಿದ್ದರು. ಆ ಓದುಗರು ಆಕಾಶದಿಂದ ಉದುರಿದವರೇ? 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂದ ಮೇಲೆ ಪುಸ್ತಕದ ಗಂಟನ್ನು ಹೊರುವ ಕೆಲಸವನ್ನು ಸರಕಾರವೂ ಸ್ವಲ್ಪ ಮಟ್ಟಿಗೆ ವಹಿಸಿಕೊಂಡಿತು. ಆದರೆ ಗ್ರಂಥಾಲಯದ ಬೀರು ಪುಸ್ತಕವನ್ನು ಇಟ್ಟುಕೊಳ್ಳಬಲ್ಲದು, ನಿನಗೆ ಇದು ಹಿಡಿಸೀತು ಎಂದು ಹೇಳಲಾರದು. ಆ ಮಾತನ್ನು ಹೇಳಲು ಓದಿದ ಮನುಷ್ಯನೊಬ್ಬ ಎದುರಿಗೆ ಬೇಕು.

ಗಳಗನಾಥರನ್ನು ಹೊಸದಾಗಿ ಓದುವ ಗೆಳೆಯರು ‘ಕನ್ನಡಿಗರ ಕರ್ಮಕಥೆ’ಯಿಂದಲೇ ಆರಂಭಿಸುವುದು ಮೇಲು. ಕಾಲೇಜಿನ ಗ್ರಂಥಾಲಯದಲ್ಲಿ ಅದರದೊಂದು ಪ್ರತಿಯಿದೆ. ಬೆನ್ನು ಹರಿದಿದೆ, ಕೊನೆಯ ಪುಟ ಭದ್ರವಾಗಿದೆ. ಪರೀಕ್ಷೆ ಮುಗಿದ ದಿನ ಅದನ್ನು ನಾನು ಹಿಂದಿರುಗಿಸುತ್ತೇನೆ. ಮೊದಲು ಕೇಳಿದವರಿಗೆ ಅದು ಸಿಕ್ಕುತ್ತದೆ.