ಕೆಂಗಲ್ ಹನುಮಂತಯ್ಯ

ಕೆಂಗಲ್ ಹನುಮಂತಯ್ಯ (1908–1980) ಸ್ವಾತಂತ್ರ್ಯ ಹೋರಾಟಗಾರರು, ಸಂವಿಧಾನ ರಚನಾ ಸಭೆಯ ಸದಸ್ಯರು ಹಾಗೂ ಮೈಸೂರು ರಾಜ್ಯದ ಎರಡನೆಯ ಮುಖ್ಯಮಂತ್ರಿ. ಬೆಂಗಳೂರಿನ ವಿಧಾನಸೌಧದ ನಿರ್ಮಾತೃ ಎಂದು ಅವರು ಪ್ರಸಿದ್ಧರು. ಕರ್ನಾಟಕದ ಏಕೀಕರಣವನ್ನು ಹಳೆಯ ಮೈಸೂರಿನ ಒಳಗಿನಿಂದಲೇ ಬೆಂಬಲಿಸಿದ ಪ್ರಮುಖ ನಾಯಕರಲ್ಲಿ ಅವರೂ ಒಬ್ಬರು. ಏಕೀಕೃತ ರಾಜ್ಯ ಅಸ್ತಿತ್ವಕ್ಕೆ ಬರುವ ಕೆಲವೇ ವಾರಗಳ ಮೊದಲು ಅವರು ಅಧಿಕಾರ ಕಳೆದುಕೊಂಡರು.

ಜನನ ಮತ್ತು ವಿದ್ಯಾಭ್ಯಾಸ

ಹನುಮಂತಯ್ಯನವರು 1908ರ ಫೆಬ್ರುವರಿಯಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯ ಒಕ್ಕಲಿಗ ರೈತ ಕುಟುಂಬದಲ್ಲಿ ಜನಿಸಿದರು. ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಇರುವ ಕೆಂಗಲ್ ಆಂಜನೇಯ ಕ್ಷೇತ್ರದ ಹೆಸರು ಅವರ ಹೆಸರಿನೊಡನೆ ಸೇರಿಕೊಂಡಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯ ಕಾನೂನು ಕಾಲೇಜಿನಲ್ಲಿ ನ್ಯಾಯಶಾಸ್ತ್ರ ವ್ಯಾಸಂಗ ಮಾಡಿದ ಅವರು ವಕೀಲಿ ವೃತ್ತಿಯನ್ನು ಕೈಗೊಂಡರು.

ಸ್ವಾತಂತ್ರ್ಯ ಚಳವಳಿ ಮತ್ತು ಸಂವಿಧಾನ ರಚನಾ ಸಭೆ

ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಸಂಘಟನೆ ಬಲಗೊಳ್ಳುತ್ತಿದ್ದ ಕಾಲದಲ್ಲಿ ಹನುಮಂತಯ್ಯನವರು ವಕೀಲಿಯನ್ನು ಬದಿಗಿಟ್ಟು ಚಳವಳಿಗೆ ಧುಮುಕಿದರು. ಹಲವು ಬಾರಿ ಸೆರೆವಾಸ ಅನುಭವಿಸಿದರು. ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾಗಿ ಅಲ್ಲಿ ಕಾಂಗ್ರೆಸ್ಸಿನ ಪ್ರಮುಖ ವಾಗ್ಮಿಗಳಲ್ಲಿ ಒಬ್ಬರಾದರು. 1947ರ ಸೆಪ್ಟೆಂಬರಿನಲ್ಲಿ ಆರಂಭವಾದ ಮೈಸೂರು ಚಲೋ ಚಳವಳಿಯ ಫಲವಾಗಿ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನೇತೃತ್ವದ ಜವಾಬ್ದಾರಿ ಸರ್ಕಾರ ರಚನೆಯಾಯಿತು.

ಸಂವಿಧಾನ ರಚನಾ ಸಭೆಯಲ್ಲಿ ಅವರು ಮೈಸೂರನ್ನು ಪ್ರತಿನಿಧಿಸಿದರು. 1949ರ ನವೆಂಬರಿನಲ್ಲಿ ಕರಡಿನ ಕೊನೆಯ ಹಂತದ ಚರ್ಚೆಯಲ್ಲಿ ಮಾತನಾಡುತ್ತ, ಸಂವಿಧಾನದ ಅಚ್ಚು ಪಾಶ್ಚಾತ್ಯವಾಗಿದೆ, ಗ್ರಾಮದಿಂದ ಮೇಲೇರುವ ಗಾಂಧೀಜಿಯ ವಿಕೇಂದ್ರೀಕೃತ ಕಲ್ಪನೆಗೆ ಅದರಲ್ಲಿ ತಕ್ಕ ಸ್ಥಾನ ದೊರೆತಿಲ್ಲ ಎಂದು ಆಕ್ಷೇಪಿಸಿದರು. ಮೈಸೂರು ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿಯೂ ಅವರು ಕೆಲಸ ಮಾಡಿದರು.

ಮುಖ್ಯಮಂತ್ರಿಯಾಗಿ

ವಯಸ್ಕ ಮತದಾನದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ರಾಮನಗರದಿಂದ ಗೆದ್ದ ಹನುಮಂತಯ್ಯನವರು 1952ರ ಮಾರ್ಚ್ 30ರಂದು ಮುಖ್ಯಮಂತ್ರಿಯಾದರು. ಆಗ ಮೈಸೂರು ರಾಜ್ಯದಲ್ಲಿ ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಮಂಡ್ಯ, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಮತ್ತು ಚಿತ್ರದುರ್ಗ ಎಂಬ ಒಂಬತ್ತು ಜಿಲ್ಲೆಗಳಿದ್ದವು.

ಶಾಸಕಾಂಗಕ್ಕೆ ಪ್ರತ್ಯೇಕ ಕಟ್ಟಡದ ಯೋಜನೆ ರೆಡ್ಡಿಯವರ ಕಾಲದಲ್ಲೇ ಸಿದ್ಧವಾಗಿತ್ತು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅದಕ್ಕೆ ಶಂಕುಸ್ಥಾಪನೆ ಮಾಡಿದ್ದರು. ಆ ಸರಳ ನಕ್ಷೆಯನ್ನು ಬದಲಿಸಿದ ಹನುಮಂತಯ್ಯನವರು ದ್ರಾವಿಡ ಶೈಲಿಯ ಭವ್ಯ ಕಟ್ಟಡವನ್ನು ಕಲ್ಪಿಸಿದರು. ಸರ್ಕಾರಿ ವಾಸ್ತುಶಿಲ್ಪಿ ಬಿ. ಆರ್. ಮಾಣಿಕ್ಯಂ ಅದಕ್ಕೆ ರೂಪ ಕೊಟ್ಟರು. ಸುಮಾರು 700 ಅಡಿ ಉದ್ದ, 350 ಅಡಿ ಅಗಲದ ಈ ಕಲ್ಲಿನ ಕಟ್ಟಡದ ಕೆಲಸದಲ್ಲಿ ಸುಮಾರು 5,000 ಕಾರ್ಮಿಕರು ತೊಡಗಿದ್ದರು, ಕೈದಿಗಳನ್ನೂ ಬಳಸಿಕೊಳ್ಳಲಾಯಿತು. ನಿರ್ಮಾಣಕ್ಕೆ ತಗುಲಿದ ಸುಮಾರು 1.84 ಕೋಟಿ ರೂಪಾಯಿ ಮೊದಲ ಅಂದಾಜಿಗಿಂತ ಬಹಳ ಹೆಚ್ಚಾಗಿತ್ತು. ಬಡ ರಾಜ್ಯಕ್ಕೆ ಇಷ್ಟು ವೆಚ್ಚ ಬೇಕಿತ್ತೇ ಎಂಬ ಟೀಕೆ ಅವರ ಆಡಳಿತಾವಧಿಯ ಉದ್ದಕ್ಕೂ ಕೇಳಿಬಂತು. ಅರಮನೆಯಲ್ಲಿ ನೆಲೆಸಿದ್ದ ಅಧಿಕಾರ ಪ್ರಜೆಗಳ ಕೈಗೆ ಬಂದುದಕ್ಕೆ ಈ ಕಟ್ಟಡವೇ ಕುರುಹು ಎಂಬುದು ಬೆಂಬಲಿಗರ ಅಭಿಪ್ರಾಯವಾಗಿತ್ತು.

ಏಕೀಕರಣ ಮತ್ತು ರಾಜೀನಾಮೆ

ಕನ್ನಡ ಮಾತನಾಡುವ ಜನರು ಆಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದ್ ಮತ್ತು ಕೊಡಗು ರಾಜ್ಯಗಳಲ್ಲಿ ಹಂಚಿಹೋಗಿದ್ದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಅದೇ ವರ್ಷದ ಕೊನೆಯಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಕನ್ನಡ ಪ್ರದೇಶಗಳ ಒಂದುಗೂಡುವಿಕೆಗೆ ಶಿಫಾರಸು ಮಾಡಿತು.

ಇದಕ್ಕೆ ಹಳೆಯ ಮೈಸೂರಿನಲ್ಲಿ ಪ್ರಬಲ ವಿರೋಧವಿತ್ತು. ನೀರಾವರಿ, ವಿದ್ಯುತ್ತು, ಶಿಕ್ಷಣಗಳಲ್ಲಿ ಮುಂದಿದ್ದ ಮೈಸೂರಿನ ಆದಾಯ ಹಿಂದುಳಿದ ಪ್ರದೇಶಗಳಿಗೆ ಹರಿದುಹೋಗುತ್ತದೆ ಎಂಬ ಆತಂಕ ಒಂದು ಕಡೆ. ವಿಶಾಲ ರಾಜ್ಯದಲ್ಲಿ ಲಿಂಗಾಯತರ ಸಂಖ್ಯೆ ಹೆಚ್ಚಿ ಒಕ್ಕಲಿಗರ ರಾಜಕೀಯ ಪ್ರಾಬಲ್ಯ ಕುಗ್ಗುತ್ತದೆ ಎಂಬ ಭಯ ಇನ್ನೊಂದು ಕಡೆ. ಸ್ವತಃ ಒಕ್ಕಲಿಗ ಸಮುದಾಯದ ನಾಯಕರಾಗಿದ್ದ ಹನುಮಂತಯ್ಯನವರು ಈ ಲೆಕ್ಕಾಚಾರವನ್ನು ಬದಿಗಿಟ್ಟು ಏಕೀಕರಣದ ಪರವಾಗಿ ನಿಂತರು. ಸ್ವಪಕ್ಷದಲ್ಲಿ ಬೆಳೆದಿದ್ದ ಅಸಮಾಧಾನದಿಂದ ಶಾಸಕಾಂಗ ಪಕ್ಷದ ಬೆಂಬಲ ಕೈತಪ್ಪಿ, 1956ರ ಆಗಸ್ಟ್ 19ರಂದು ಅವರ ಆಡಳಿತ ಕೊನೆಗೊಂಡಿತು. ಕಡಿದಾಳ್ ಮಂಜಪ್ಪ ಅಲ್ಪಕಾಲ ಮುಖ್ಯಮಂತ್ರಿಯಾಗಿದ್ದರು. ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರಿಗೆ ಎಸ್. ನಿಜಲಿಂಗಪ್ಪ ಮೊದಲ ಮುಖ್ಯಮಂತ್ರಿಯಾದರು. ಹೀಗೆ ತಾವು ಬಯಸಿದ ರಾಜ್ಯವನ್ನು ತಾವು ಕಟ್ಟಿಸಿದ ಸೌಧದಲ್ಲಿ ಕುಳಿತು ಆಳುವ ಅವಕಾಶ ಅವರಿಗೆ ಒದಗಲಿಲ್ಲ.

ರಾಷ್ಟ್ರ ರಾಜಕಾರಣ

1962, 1967 ಮತ್ತು 1971ರ ಚುನಾವಣೆಗಳಲ್ಲಿ ಅವರು ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದರು. 1966ರಲ್ಲಿ ನೇಮಕವಾದ ಮೊದಲ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿದ್ದ ಮೊರಾರ್ಜಿ ದೇಸಾಯಿ 1967ರಲ್ಲಿ ಉಪಪ್ರಧಾನಿಯಾದಾಗ ಹನುಮಂತಯ್ಯನವರು ಆ ಸ್ಥಾನಕ್ಕೆ ಬಂದರು. ಕೇಂದ್ರ ಮತ್ತು ರಾಜ್ಯಗಳ ಸಂಬಂಧ, ಹಣಕಾಸು, ಸಿಬ್ಬಂದಿ ಆಡಳಿತ ಮೊದಲಾದ ವಿಷಯಗಳ ಮೇಲೆ ಆಯೋಗ ಒಟ್ಟು 20 ವರದಿಗಳನ್ನು ಸಲ್ಲಿಸಿತು. ಇಂದಿರಾ ಗಾಂಧಿಯವರ ಸಂಪುಟದಲ್ಲಿ ಅವರು 1970ರಿಂದ ಕಾನೂನು ಸಚಿವರಾಗಿ, 1971ರಿಂದ 1972ರವರೆಗೆ ರೈಲ್ವೆ ಸಚಿವರಾಗಿ ಕಾರ್ಯನಿರ್ವಹಿಸಿದರು. 1977ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಜನತಾ ಪಕ್ಷದ ಕೆ. ಎಸ್. ಹೆಗ್ಡೆಯವರ ಎದುರು ಸೋತರು.

ನಿಧನ ಮತ್ತು ಸ್ಮರಣೆ

ಹನುಮಂತಯ್ಯನವರು 1980ರ ಡಿಸೆಂಬರ್ 1ರಂದು ನಿಧನರಾದರು. ಆ ವೇಳೆಗೆ ರಾಜ್ಯವು ಕರ್ನಾಟಕ ಎಂದು ಹೆಸರು ಪಡೆದು ಏಳು ವರ್ಷಗಳಾಗಿದ್ದವು. ಬೆಂಗಳೂರಿನ ಡಬಲ್ ರೋಡಿಗೆ ಅವರ ಹೆಸರಿಡಲಾಗಿದ್ದು, ಅದು ಕೆ. ಎಚ್. ರಸ್ತೆ ಎಂದು ಬಳಕೆಯಲ್ಲಿದೆ. ವಿಧಾನಸೌಧದ ಆವರಣದಲ್ಲಿ ಅವರ ಪ್ರತಿಮೆಯಿದೆ. ಒಂದು ಕಾಲದಲ್ಲಿ ದುಂದುವೆಚ್ಚವೆಂದು ಟೀಕೆಗೊಳಗಾಗಿದ್ದ ಆ ಕಟ್ಟಡವು ಇಂದಿಗೂ ರಾಜ್ಯದ ಶಾಸಕಾಂಗದ ನೆಲೆಯಾಗಿದೆ.